ಕೆಲಸಗಾರರು ತಾವಾಗೇ ಕಟ್ಟಿಕೊಳ್ಳುವ ಗುಂಪುಗಳಿಂದ ಉತ್ಪಾದನೆ ಹೆಚ್ಚುತ್ತದೆಯೇ, ಕುಗ್ಗುತ್ತದೆಯೇ?

ಎರಡೂ ಆಗಬಹುದು. ಆಡಳಿತದ ಮೇಲೆ ಗುಂಪಿಗೆ ಎಷ್ಟು ನಂಬಿಕೆ ಇದೆ ಎಂಬುದೇ ಮುಖ್ಯ.

ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ 14 ಗಂಡಸರ ತಂಡವೊಂದನ್ನು ಸಂಶೋಧಕರು ತಿಂಗಳುಗಟ್ಟಲೆ ಗಮನಿಸಿದರು. ಉತ್ಪಾದನೆ ಜಾಸ್ತಿಯಾದರೆ ಕೂಲಿಯೂ ಜಾಸ್ತಿ ಸಿಗುತ್ತಿತ್ತು. ಆದರೂ ದಿನಕ್ಕೆ ಇಷ್ಟು ಸಾಕು ಎಂದು ತಂಡವೇ ಮಿತಿ ಹಾಕಿಕೊಂಡಿತ್ತು. ಮೀರಿದವನಿಗೆ ಗೇಲಿ, ತೋಳಿಗೊಂದು ಗುದ್ದು! ತೀರಾ ಕಡಿಮೆ ಮಾಡಿದವನನ್ನೂ ಬಿಡುತ್ತಿರಲಿಲ್ಲ. ಇದನ್ನು ಸುಮ್ನೆ ಸೋಮಾರಿತನ ಅನ್ನಲಾಗದು. ಕೆಲಸ ಏರಿದರೆ ಕೂಲಿಯ ದರ ಇಳಿಸುತ್ತಾರೆ, ಇಲ್ಲವೇ ಯಾರನ್ನಾದರೂ ಮನೆಗೆ ಕಳಿಸುತ್ತಾರೆ ಎಂಬ ಭಯ. ಅದು ಆರ್ಥಿಕ ಕುಸಿತದ ಕಾಲ ಬೇರೆ.

ಲಾಭವೂ ಇದೆ. ಹೊಸಬರು ಕೆಲಸದ ಒಳಗುಟ್ಟು ಕಲಿಯುವುದು ಟ್ರೇನಿಂಗ್‌ಗಿಂತ ಪಕ್ಕದವರಿಂದಲೇ ಜಾಸ್ತಿ, ಅಲ್ವಾ? (ಗಾಳಿಸುದ್ದಿಯೂ ಅದೇ ದಾರಿಯಲ್ಲಿ ಬರುತ್ತದೆ.) ಗುಂಪು ಒಡೆಯಲು ಹೊರಟ ಮ್ಯಾನೇಜರ್ ಈ ನೆರವನ್ನೂ ಕಳೆದುಕೊಳ್ಳಬಹುದು.