ಟೈಮ್ ಟ್ರಯಲ್‌ಗೆ ಕುಂಬಳೆ–ಬದಿಯಡ್ಕ ರಸ್ತೆ ಆಗುತ್ತಾ?

ನಮಸ್ಕಾರ. ಹತ್ತು ಜನ ಸೇರಿ 20 ಕಿ.ಮೀ. ಸೈಕಲ್ ಟೈಮ್ ಟ್ರಯಲ್ (ಒಬ್ಬೊಬ್ಬರೇ ತುಳಿದು, ಯಾರಿಗೆ ಕಡಿಮೆ ಸಮಯ ಅಂತ ನೋಡುವ ಸ್ಪರ್ಧೆ) ಮಾಡಬೇಕು, ಹೆದ್ದಾರಿ 66 ಒಳ್ಳೆಯದಾ, ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ರಸ್ತೆಯಾ ಅಂತ ಕೇಳಿದ್ದೀರಿ. ಹೆದ್ದಾರಿ ಬೇಡವೇ ಬೇಡ. ತಲೆ ತಗ್ಗಿಸಿ ತುಳಿಯುವವರ ಪಕ್ಕದಲ್ಲೇ ಟ್ಯಾಂಕರ್ ಹಾದುಹೋದರೆ ಹ್ಯಾಂಡಲ್ ಅಲುಗಾಡುತ್ತದೆ.

ಸೀತಾಂಗೋಳಿ ದಾಟಿ ನೀರ್ಚಾಲು ಕಡೆಗೆ 5 ಕಿ.ಮೀ. ಅಳೆದುಕೊಳ್ಳಿ. ಎರಡು ಸಲ ಹೋಗಿ ಬನ್ನಿ. ಹೊರಟಲ್ಲಿಗೇ ಮರಳುವುದರಿಂದ ಏರಿದಷ್ಟೂ ಇಳಿಯುತ್ತೀರಿ. ಆದರೆ ಸಮಯ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ. ಹೋಗುವಾಗ ಗಂಟೆಗೆ 25, ಬರುವಾಗ 35 ಕಿ.ಮೀ. ಸಿಕ್ಕರೆ ಸರಾಸರಿ 30 ಅಲ್ಲ, 29.2 ಅಷ್ಟೆ. ನಿಧಾನದ ಕಡೆ ಜಾಸ್ತಿ ಹೊತ್ತು ಇರುತ್ತೀರಿ ಅಲ್ವಾ? ಗಾಳಿಗೂ ಇದೇ ಲೆಕ್ಕ. ಹಾಗಾಗಿ ಕಡಲ ಗಾಳಿ ಏಳುವ ಮೊದಲು, ಭಾನುವಾರ ಬೆಳಿಗ್ಗೆ ಬೆಳಕು ಹರಿದ ಕೂಡಲೇ, ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರನ್ನು ಕಳಿಸಿ.

ನನಗೆ ಹೆಚ್ಚು ಚಿಂತೆ ತಿರುಗುವ ಜಾಗದ್ದು. ನಾವು ಎಡಗಡೆ ಹೋಗುವವರು, ಯು-ಟರ್ನ್ ಅಂದರೆ ಎದುರಿನ ವಾಹನಕ್ಕೆ ಅಡ್ಡ ಹೋದಂತೆ. ದೂರದಿಂದಲೇ ಕಾಣುವ ನೇರ ಜಾಗ ನೋಡಿ, ಇಬ್ಬರನ್ನು ನಿಲ್ಲಿಸಿ. ಕಾಲು ಕೆಳಗಿಟ್ಟೇ ತಿರುಗಬೇಕು ಅಂತ ನಿಯಮ ಮಾಡಿ. ಹಿಂದಿನ ಸಂಜೆ ಪೊರಕೆ ತಗೊಂಡು ಆ ಜಾಗ ಗುಡಿಸಿ. ಮುರಕಲ್ಲಿನ ಲಾರಿಗಳಿಂದ ಉದುರಿದ ಕೆಂಪು ಹರಳು ರಸ್ತೆಯಂಚಿನಲ್ಲಿ ರಾಗಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ನನ್ನ ಮುಂದಿನ ಚಕ್ರ ಜಾರಿದ್ದು ಅದರ ಮೇಲೆಯೇ, ಮೊಣಕೈ ಗಾಯ ಒಣಗಲು ಮೂರು ವಾರ ಬೇಕಾಯಿತು.

ಪೊಲೀಸ್ ಠಾಣೆಗೆ ಮೊದಲೇ ಒಂದು ಅರ್ಜಿ ಕೊಡಿ. ತಿರುವಿನಲ್ಲಿ ನಿಲ್ಲಲು ಜನ ಸಾಲದಿದ್ದರೆ ಹೇಳಿ, ನಾನು ಬರುತ್ತೇನೆ.