ಅಮ್ಮನ ಮಾತ್ರೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ

ನಿಮ್ಮ ಅಮ್ಮನಿಗೆ ಶುಗರ್, ಬಿಪಿ, ಈಗ ಕಿಡ್ನಿ ತೊಂದರೆಯೂ ಇದೆ, ಉಡುಪಿಯಲ್ಲಿ ಮೂವರು ಡಾಕ್ಟರು ಮೂರು ಚೀಟಿ ಬರೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ ಅಲ್ವಾ. ಮೊದಲು ಎಲ್ಲ ಮಾತ್ರೆ, ಗಂಟುನೋವಿಗೆ ಮೆಡಿಕಲ್‌ನಿಂದ ಸುಮ್ನೆ ತರುವುದು, ಕಷಾಯದ ಬಾಟಲಿ ಸಮೇತ, ಒಂದೇ ಚೀಲಕ್ಕೆ ಹಾಕಿ ಒಬ್ಬ ಫಿಸಿಶಿಯನ್‌ಗೆ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಕಿಡ್ನಿಯನ್ನು ಇನ್ನೂ ಹಾಳು ಮಾಡಬಹುದು, ನಮ್ಮ ಅತ್ತೆಗೆ ಆದದ್ದೂ ಅದೇ. ಕಿಡ್ನಿ ಸೋತಾಗ ಇನ್ಸುಲಿನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಹಾಗಾಗಿ ಹಳೆಯ ಡೋಸ್‌ಗೇ ಶುಗರ್ ಇಳಿದು ಬೆವರು, ನಡುಕ ಬರಬಹುದು. ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿ. ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಡಾಕ್ಟರನ್ನು ಕೇಳದೆ ಕೊಡಬೇಡಿ. ಊಟ ಬೇಡ ಅಂದರೆ ಗದರಬೇಡಿ, ಅವರಿಗೆ ನಿಜಕ್ಕೂ ಸುಸ್ತಾಗಿರುತ್ತದೆ.