ಕ್ಯಾವಿಲ್‌ನ ತೆಗೆದಿದ್ದಕ್ಕೆ ಗನ್‌ನ ಬೈಯೋದು ಸರಿನಾ?

ನಮಸ್ಕಾರ ಸರ್. ಹಳೇ ಸೂಪರ್‌ಮ್ಯಾನ್ ನಟ ಹೆನ್ರಿ ಕ್ಯಾವಿಲ್‌ನನ್ನು ಹೊಸ ಸಿನಿಮಾದ ನಿರ್ದೇಶಕ ಜೇಮ್ಸ್ ಗನ್ ಬೇಕಂತಲೇ ಓಡಿಸಿದರಾ, ಹೊಸ 'ಸೂಪರ್‌ಮ್ಯಾನ್' ನೋಡೋಕೆ ಹಳೇ ಸಿನಿಮಾ ನೋಡಿರಬೇಕಾ ಅಂತ ಕೇಳಿದ್ದೀರಿ.

ದಿನಾಂಕ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. 2022ರ ಅಕ್ಟೋಬರ್ 24ಕ್ಕೆ ಕ್ಯಾವಿಲ್ 'ನಾನು ವಾಪಸ್ ಬಂದೆ' ಅಂತ ವಿಡಿಯೋ ಹಾಕಿದರು. ಮಾರನೇ ದಿನವೇ ಸೂಪರ್‌ಮ್ಯಾನ್ ಸಿನಿಮಾ ಮಾಡೋ ಡಿಸಿ ಸ್ಟುಡಿಯೋಸ್‌ಗೆ ಗನ್ ಮತ್ತು ಪೀಟರ್ ಸಾಫ್ರಾನ್ ಮುಖ್ಯಸ್ಥರು ಅನ್ನೋ ಸುದ್ದಿ ಬಂತು. ಅಂದರೆ ಮಾತು ಕೊಟ್ಟಿದ್ದು ಹಳೇ ಯಜಮಾನರ ಕಾಲದಲ್ಲಿ. ಡಿಸೆಂಬರ್‌ನಲ್ಲಿ ಅದು ಮುರಿದುಬಿತ್ತು. ಗನ್‌ಗೆ ಬೇಕಿದ್ದದ್ದು ಚಿಕ್ಕ ವಯಸ್ಸಿನ ಸೂಪರ್‌ಮ್ಯಾನ್.

ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗುತ್ತೆ. 'ಬ್ಲ್ಯಾಕ್ ಆಡಮ್' ಸಿನಿಮಾದ ಕೊನೆಯಲ್ಲಿ ಕ್ಯಾವಿಲ್ ಹೊಗೆ ಸೀಳಿಕೊಂಡು ಬಂದಾಗ, ಹಿಂದೆ ಆ ಹಳೇ ಸೂಪರ್‌ಮ್ಯಾನ್ ಟ್ಯೂನ್ ಕೇಳಿದಾಗ, ನಮ್ಮ ದಾವಣಗೆರೆ ಥಿಯೇಟರಲ್ಲೂ ಶಿಳ್ಳೆಯೋ ಶಿಳ್ಳೆ. ಅಷ್ಟು ಆಸೆ ಹುಟ್ಟಿಸಿ ಕೈಬಿಟ್ಟಿದ್ದು ತಪ್ಪೇ. ಆದರೆ ಅದಕ್ಕೆ ಹೊಸ ಸೂಪರ್‌ಮ್ಯಾನ್ ನಟ ಡೇವಿಡ್ ಕೊರೆನ್ಸ್‌ವೆಟ್‌ನ ಬೈಯೋದು ಅನ್ಯಾಯ ಅಲ್ವಾ? ಪಾಪ, ಅವರು ಆಡಿಷನ್ ಕೊಟ್ಟು ಗೆದ್ದವರು.

ಹಳೇದೇನೂ ನೋಡಬೇಕಿಲ್ಲ, 2025ರದ್ದು ಹೊಸ ಕಥೆ. ಮಕ್ಕಳನ್ನೂ ಕೂರಿಸಿಕೊಳ್ಳಿ. ಕ್ರಿಪ್ಟೋ ಅನ್ನೋ ನಾಯಿ ಅವರಿಗೆ ಜಾಸ್ತಿ ಇಷ್ಟ ಆಗುತ್ತೆ.